ಗ್ರೇವೆಟಮ್ಮ ಬಿಚ್ಚಿ ಹೊಲಿಯದ ಕೋಟು

ತೊಮಾಸಿನ್ ಗ್ರೇವೆಟ್ ಕಳ್ಳಿ ಎಂದು ಲಂಡನ್ನಿನ ಎರಡು ದೊಡ್ಡ ನಾಟಕಶಾಲೆಗಳಲ್ಲೂ ಆಡಿಕೊಳ್ಳುತ್ತಿದ್ದರು. ಈಗಲೂ ಒಬ್ಬಿಬ್ಬರು ಆಡಿಕೊಳ್ಳುತ್ತಾರೆ. ಮೊನ್ನೆ ಹೆಂಡದಂಗಡಿಯಲ್ಲಿ ಒಬ್ಬ ಎಳೆಯ ನಟ, ಆಕೆಯ ಮುಖವನ್ನೇ ನೋಡಿರದವನು, ಅದನ್ನೇ ಹೇಳಿಕೊಂಡು ನಕ್ಕ. ನನಗೆ ಮೈಯೆಲ್ಲ ಉರಿದುಹೋಯಿತು. ಆದರೂ ಬಾಯಿ ಬಿಡಲಿಲ್ಲ. ಆ ವಿಷಯ ಬಂದಾಗ ಬಾಯಿ ಮುಚ್ಚಿಕೊಂಡಿರುವುದು ನನಗೆ ಇಪ್ಪತ್ತೆರಡು ವರ್ಷದ ಅಭ್ಯಾಸ. ಬಾಯಲ್ಲಿ ಆಗದ್ದನ್ನು ಕೈಯಲ್ಲಾದರೂ ಮಾಡೋಣವೆಂದು ಈಗ ಬರೆಯಲು ಕೂತಿದ್ದೇನೆ. ನನ್ನ ಹೆಸರು ಬಾರ್ನಬಿ ಕ್ರೇಕ್, ನಾಟಕದವನು. ನಾನು ಸಾಧುವಲ್ಲ ಎಂಬುದು ಮುಂದೆ ನಿಮಗೇ ಗೊತ್ತಾಗುತ್ತದೆ.

ಹೇಮಾರ್ಕೆಟ್ ಬೀದಿಯ ಹತ್ತಿರ ಒಂದು ಸಣ್ಣ ನಾಟಕಶಾಲೆಯಲ್ಲಿ ನಾವಿಬ್ಬರೂ ಇದ್ದೆವು. ನಾನು ವೇಷ ಹಾಕುವವನು, ಆಕೆ ವೇಷದ ಬಟ್ಟೆ ನೋಡಿಕೊಳ್ಳುವವಳು. ಎಲ್ಲರಿಗೂ ಆಕೆ ಗ್ರೇವೆಟಮ್ಮ. ಊರು ನಾರ್ವಿಚ್. ತಾಯಿ ಸತ್ತಾಗ ಆಕೆಗೆ ಹದಿನಾರು, ತಮ್ಮ ಸೈಲಸನಿಗೆ ನಾಲ್ಕು. ತಮ್ಮನನ್ನು ಸೊಂಟಕ್ಕೆ ಏರಿಸಿಕೊಂಡು ಲಂಡನ್ನಿಗೆ ಬಂದು, ದರ್ಜಿಗಳ ಮನೆಯಲ್ಲಿ ಕಾಜಾ ಹೊಲಿದು ಅವನನ್ನು ದೊಡ್ಡವನನ್ನಾಗಿ ಮಾಡಿದಳು. ಮಖಮಲ್ಲನ್ನು ಯಾವ ದಿಕ್ಕಿಗೆ ಉಜ್ಜಬೇಕು, ವೈನ್ ಚೆಲ್ಲಿದ ಕಾಲರನ್ನು ಹೇಗೆ ಉಳಿಸಬೇಕು ಎಂದು ಅವನಿಗೆ ಕಲಿಸಿದವಳೂ ಆಕೆಯೇ. ಆ ವಿದ್ಯೆಯಿಂದಲೇ ಅವನು ಒಬ್ಬ ದೊಡ್ಡ ಮಂತ್ರಿಯ ಮನೆಯಲ್ಲಿ ಖಾಸಾ ಸೇವಕನಾದ. ಆ ಮಂತ್ರಿಯ ಹೆಸರು ನಾನು ಹೇಳುವುದಿಲ್ಲ. ಆಗ ಹೇಳಲು ಹೆದರುತ್ತಿದ್ದೆ, ಈಗ ಹೇಳಲು ಮನಸ್ಸಿಲ್ಲ.

ನಾಟಕದವರಿಗೆ ಬಟ್ಟೆ ಎಲ್ಲಿಂದ ಬರುತ್ತದೆ ಎಂದು ಟಿಕೆಟ್ ಕೊಂಡವರು ಯೋಚಿಸುವುದೇ ಇಲ್ಲ. ದೊರೆಗಳು ಒಂದೆರಡು ಸಲ ತೊಟ್ಟು ಬಿಟ್ಟ ಬಟ್ಟೆ ಅವರ ಖಾಸಾ ಸೇವಕನ ಪಾಲು. ಅವನು ಅದನ್ನು ಮಾರಿಕೊಳ್ಳುತ್ತಾನೆ. ಹಾಗೆ ಬಂದದ್ದನ್ನು ತೊಟ್ಟುಕೊಂಡೇ ನಾವು ಸೀಸರ್ ಆಗುವುದು, ಸುಲ್ತಾನ ಆಗುವುದು. ಆದರೆ ಗ್ರೇವೆಟಮ್ಮನದು ಒಂದು ಕಟ್ಟುನಿಟ್ಟು. ಬಂದ ಕೋಟು ಬಂದ ಹಾಗೇ ರಂಗಕ್ಕೆ ಹೋಗುವಂತಿಲ್ಲ. ಕಸೂತಿ ಕಿತ್ತು, ಗುಂಡಿ ಬದಲಿಸಿ, ತೋಳು ಬಿಚ್ಚಿ ಹೊಲಿದ ಮೇಲೇ ಅದು ಗೂಟ ಬಿಟ್ಟು ಇಳಿಯಬೇಕು.

"ಕೋಟಿಗೂ ಮರೆವು ಬರಿಸಬೇಕು ಕಣಯ್ಯ" ಎನ್ನುತ್ತಿದ್ದಳು. "ಹಳೇ ಯಜಮಾನ ಮುಂದೆ ಬಂದು ಕೂತ್ರೂ ಇದು ನಂದು ಅಂತ ಅವನಿಗೆ ಅನ್ನಿಸಬಾರದು. ಅನ್ನಿಸ್ತು ಅಂದ್ರೆ, ತಂದುಕೊಟ್ಟ ಬಡಪಾಯಿಯ ಅನ್ನಕ್ಕೆ ಕಲ್ಲು ಬಿತ್ತು ಅಂತ ತಿಳ್ಕೊ."

ಸಾವಿರದ ಏಳುನೂರ ಮೂವತ್ತೇಳನೇ ಇಸವಿಯ ವಸಂತ. ನಮ್ಮ ಯಜಮಾನ ಫೆನ್ವಿಕ್ ಒಂದು ಹೊಸ ನಾಟಕ ಬರೆದರು. ದೊಡ್ಡ ನಾಟಕಶಾಲೆಗಳಲ್ಲಿ ರಾಜರು ರಾಜ್ಯ ಕಳೆದುಕೊಂಡು ಅರ್ಧ ಗಂಟೆ ಗೋಳಾಡುತ್ತಾರಲ್ಲ, ಅದೇ ಧಾಟಿ, ಅದೇ ಗತ್ತು, ಅದೇ ಎದೆ ಬಡಿದುಕೊಳ್ಳುವಿಕೆ. ಅಳುವುದು ಮಾತ್ರ ಒಂದು ಚಮಚಕ್ಕಾಗಿ. ಕಥೆ ನಡೆಯುವುದು ಚಂದ್ರಲೋಕದಲ್ಲಿ. ಅಲ್ಲಿಯ ಕೋಶಾಧಿಕಾರಿಗೆ ಕಂಡದ್ದೆಲ್ಲ ಬೇಕು. ಮೊದಲ ಅಂಕದಲ್ಲಿ ಲಂಚ, ಎರಡನೆಯದರಲ್ಲಿ ತೆರಿಗೆ, ಮೂರನೆಯದರಲ್ಲಿ ಯಾರದೋ ಮನೆಯ ಊಟದ ಮೇಜು. ಕೋಶಾಧಿಕಾರಿ ನಾನು. ಮಂಡಿಯೂರಿ, ಬಲಗೈ ಆಕಾಶಕ್ಕೆ ಚಾಚಿ ಹೇಳಬೇಕು:

"ಎಲೈ ರಜತ ಚಮಚವೇ! ಇನ್ನೂ ನನ್ನ ಜೇಬು ಸೇರದ ನತದೃಷ್ಟ ಕೂಸೇ! ಪರರ ಮೇಜಿನ ಮೇಲೆ ನೀನು ಒಂಟಿಯಾಗಿ ಹೊಳೆಯುತ್ತಿರಲು ನಾನೆಂತು ನಿದ್ರಿಸಲಿ?"

ಯಾರನ್ನು ಕುರಿತು ಈ ಮಾತು ಎಂಬುದು ಬೀದಿಯಲ್ಲಿ ಕಪ್ಪೆಚಿಪ್ಪು ಮಾರುವವಳಿಗೂ ಗೊತ್ತಿತ್ತು. ಆದರೆ ಇಡೀ ನಾಟಕದಲ್ಲಿ ಒಂದು ಹೆಸರಿಲ್ಲ, ಒಂದು ಇಸವಿಯಿಲ್ಲ, ಭೂಮಿಯ ಮಾತೇ ಇಲ್ಲ. ಚಂದ್ರನ ಮೇಲಿನ ಕಳ್ಳನಿಗಾಗಿ ಲಂಡನ್ನಿನಲ್ಲಿ ಯಾರನ್ನು ಹಿಡಿಯುತ್ತಾರೆ? ಆ ಜಾಣತನಕ್ಕಾಗಿ ಫೆನ್ವಿಕ್ ಇಲ್ಲದ ಮೀಸೆಯನ್ನು ತಿರುವಿಕೊಳ್ಳುತ್ತಿದ್ದರು.

ನಾಟಕ ಶುರುವಾಗಿ ನಾಲ್ಕು ದಿನವಾಗಿತ್ತು. ಸೈಲಸ್ ಹಿಂಬಾಗಿಲಿನಿಂದ ಒಂದು ಗಂಟು ತಂದ. ನಾನು ಅಲ್ಲೇ ಮುಖಕ್ಕೆ ಬಣ್ಣ ಬಳಿದುಕೊಳ್ಳುತ್ತಿದ್ದೆ. ಗಂಟು ಬಿಚ್ಚಿದರೆ ನೇರಳೆ ಮಖಮಲ್ಲಿನ ಕೋಟು, ಎದೆ ಪೂರ್ತಿ ಬೆಳ್ಳಿ ಎಳೆಯ ಗೋಧಿ ತೆನೆ. ಮಾರ್ಚ್ ಒಂದನೇ ತಾರೀಕು ರಾಣಿಯ ಹುಟ್ಟುಹಬ್ಬಕ್ಕೆ ಆ ಮಂತ್ರಿ ಅರಮನೆಗೆ ತೊಟ್ಟು ಹೋಗಿದ್ದ ಕೋಟು. ಪತ್ರಿಕೆಗಳು ತೆನೆ ತೆನೆ ಬಿಡದೆ ಅದನ್ನು ವರ್ಣಿಸಿದ್ದವು.

"ಅಕ್ಕಾ, ಇದನ್ನ ಚೆನ್ನಾಗಿ ಬದಲಾಯಿಸಬೇಕು" ಎಂದ ಸೈಲಸ್. "ಬೇರೆ ಅಂಗಡಿಗೆ ಕೊಡ್ಬೇಕು ಅಂತಿದ್ದೆ. ನಿನ್ನಷ್ಟು ನಂಬಿಕೆ ಇನ್ಯಾರ ಮೇಲೂ ಇಲ್ಲ ನೋಡು."

"ನೀನು ಊಟ ಮಾಡಿದ್ಯಾ? ಮುಖ ಯಾಕೆ ಹಾಗಿದೆ?"

"ಕೋಟಿನ ವಿಷಯ ಕೇಳಕ್ಕಾ."

"ಕೇಳಿಸ್ತೋ ಮಾರಾಯ. ಒಂದು ವಾರ ಬೇಕು. ತೆನೆ ಒಂದೂ ಉಳಿಯಲ್ಲ, ಹೋಗು."

ಅವನು ಹೋದ. ಆಕೆ ಕೋಟನ್ನು ಒಳಗಿನ ಗೂಟಕ್ಕೆ ನೇತುಹಾಕಿ, ಮೇಲೆ ಹಳೇ ದುಪ್ಪಟಿ ಮುಚ್ಚಿದಳು. ನನ್ನ ಕಡೆ ತಿರುಗಿ, "ಕಣ್ಣು ಹಾಕ್ಬೇಡ. ನಿನ್ನ ಹಳೇ ಕೆಂಪು ಕೋಟೇ ನಿನಗೆ ಸಾಕು" ಅಂದಳು.

ಆ ಹಳೇ ಕೆಂಪು ಕೋಟು ಎಂದರೆ ನನಗೆ ಅಳು ಬರುತ್ತಿತ್ತು. ಕಂಕುಳಲ್ಲಿ ಹರಿದದ್ದು, ಬೆವರಿನ ವಾಸನೆಯದು. ನನಗಾಗ ಮೂವತ್ತೊಂದು ವಯಸ್ಸು. ಹನ್ನೊಂದು ವರ್ಷ ರಂಗದ ಮೇಲೆ ಕಳೆದಿದ್ದರೂ ನನ್ನ ಹೆಸರು ಹೇಳಿ ಚಪ್ಪಾಳೆ ಹೊಡೆದವರು ಒಬ್ಬರೂ ಇರಲಿಲ್ಲ. ಎರಡು ದಿನ ಆ ದುಪ್ಪಟಿಯನ್ನೇ ನೋಡಿದೆ. ಮೂರನೇ ದಿನ ಸಂಜೆ, ಗ್ರೇವೆಟಮ್ಮ ರಾಣಿ ವೇಷದವಳ ಲಂಗದ ಅಂಚಿಗೆ ಸೂಜಿ ಚುಚ್ಚುತ್ತ ಆಚೆ ಇದ್ದಾಗ, ದುಪ್ಪಟಿ ಸರಿಸಿ ಕೋಟು ತೊಟ್ಟುಕೊಂಡು ಸೀದಾ ರಂಗಕ್ಕೆ ನಡೆದೆ. ಅದು ಯಾರ ಕೋಟೆಂದು ನನಗೆ ಗೊತ್ತಿರಲಿಲ್ಲವೆಂದು ಆಮೇಲೆ ಬಹಳ ಜನಕ್ಕೆ ಹೇಳಿದ್ದೇನೆ. ಗೊತ್ತಿತ್ತು. ಚೆನ್ನಾಗಿಯೇ ಗೊತ್ತಿತ್ತು.

ಮೊದಲು ಗುರುತು ಹಿಡಿದವರು ಮೇಲಿನ ಗ್ಯಾಲರಿಯ ಗಾಡಿ ಆಳುಗಳು. ಹುಟ್ಟುಹಬ್ಬದ ದಿನ ಅರಮನೆಯ ಬಾಗಿಲಲ್ಲಿ ಗಾಡಿಯ ಹಿಂದೆ ನಿಂತು ಆ ಕೋಟು ಇಳಿಯುವುದನ್ನು, ಹತ್ತುವುದನ್ನು ಕಣ್ಣಾರೆ ಕಂಡವರು ಅವರು. ಒಬ್ಬ ಕೂಗಿದ: "ಲೇ, ತೆನೆ ಕೋಟು ಕಣ್ರೋ!" ಇನ್ನೊಬ್ಬ: "ಯಜಮಾನ್ರೇ, ಗಾಡಿ ತರ್ಲಾ?" ಕೆಳಗಿನ ಬೆಂಚಿನವರು ಕಣ್ಣು ಕಿರಿದು ಮಾಡಿ ನೋಡಿದರು. ಪತ್ರಿಕೆ ಓದಿದವರಿಗೆ ನೆನಪಾಯಿತು. ನಾನು ಮಂಡಿಯೂರಿ ಚಮಚವನ್ನು ಕರೆದಾಗ ಎದ್ದ ಸದ್ದಿಗೆ ಮೇಣದಬತ್ತಿಗಳೇ ಅಲ್ಲಾಡಿದವು. ಜನ ಬೆಂಚು ಹತ್ತಿ ನಿಂತರು. ಆ ಮಾತನ್ನು ನನ್ನಿಂದ ಮೂರು ಸಲ ಹೇಳಿಸಿದರು. ನನ್ನ ಇಡೀ ಬದುಕಿನಲ್ಲಿ ಅಷ್ಟು ಸುಖ ನಾನು ಇನ್ಯಾವತ್ತೂ ಪಟ್ಟಿಲ್ಲ.

ಪಕ್ಕದ ತೆರೆಯ ಹತ್ತಿರ ಗ್ರೇವೆಟಮ್ಮ ನಿಂತಿದ್ದಳು. ತುಟಿಯ ಮಧ್ಯೆ ಎರಡು ಸೂಜಿ. ನಾನು ಒಳಗೆ ಬಂದಾಗ ಬಯ್ಯುತ್ತಾಳೆ ಎಂದುಕೊಂಡೆ. ಬಯ್ಯಲಿಲ್ಲ. ಸೂಜಿ ತೆಗೆದು ತೋಳಿಗೆ ಚುಚ್ಚಿಕೊಂಡು, ನನ್ನ ಹಿಂದೆ ಬಂದು ಕೋಟನ್ನು ಮೈಯಿಂದ ಬಿಡಿಸಿಕೊಂಡಳು.

ಮರುದಿನ ಬೆಳಿಗ್ಗೆ ಮಂತ್ರಿಯ ಮನೆಯ ಪಾರುಪತ್ಯಗಾರ ಬಂದ. ಕರಿ ಬಟ್ಟೆ, ಬೆಳ್ಳಿ ಹಿಡಿಯ ಕೋಲು. ನಾವೆಲ್ಲ ತಾಲೀಮಿಗೆ ಸೇರಿದ್ದೆವು.

"ನಿನ್ನೆ ನಿಮ್ಮ ಕೋಶಾಧಿಕಾರಿ ಹಾಕ್ಕೊಂಡಿದ್ದ ಕೋಟು ಯಾರದು?" ಎಂದು ಕೇಳಿದ.

"ಕೋಶಾಧಿಕಾರೀದು" ಎಂದರು ಫೆನ್ವಿಕ್.

"ತಮಾಷೆ ಸಾಕು. ಮೊದಲು ಅದು ಯಾರದಾಗಿತ್ತು?"

"ನೀವೇ ಹೇಳಿ ಸ್ವಾಮಿ. ಗುರುತು ಹತ್ತಿದ್ರೆ ಹೆಸರು ಹೇಳಿ, ಈಗಲೇ ಮಡಚಿ ಕೊಡ್ತೀನಿ. ನಾಳೆ ಪತ್ರಿಕೇಲೂ ಹಾಕಿಸ್ತೀನಿ. ಚಂದ್ರಲೋಕದ ಕಳ್ಳನ ಮೈಮೇಲಿದ್ದ ಕೋಟು ನಮ್ಮದೇ ಅಂತ ಇಂಥವರ ಮನೆಯವರು ಬಂದು ತಗೊಂಡು ಹೋದರು ಅಂತ."

ಪಾರುಪತ್ಯಗಾರನ ಕಿವಿ ಕೆಂಪಾಯಿತು. ನಮ್ಮನ್ನೆಲ್ಲ ಒಮ್ಮೆ ನೋಡಿದ. ಹೆಸರು ಹೇಳಲಿಲ್ಲ, ಹೇಗೆ ಹೇಳುತ್ತಾನೆ? ಕೋಲು ಕುಟ್ಟಿಕೊಂಡು ಹೊರಟುಹೋದ. ಬಾಗಿಲು ಮುಚ್ಚಿದ್ದೇ ತಡ, ನಾವು ಬಿದ್ದು ಬಿದ್ದು ನಕ್ಕೆವು. ಫೆನ್ವಿಕ್ ನನ್ನ ಬೆನ್ನು ತಟ್ಟಿ, "ಗೆದ್ವಿ ಕ್ರೇಕ್! ನಾನು ಐದು ಅಂಕದಲ್ಲಿ ಹೇಳಕ್ಕಾಗದ್ದನ್ನ ನೀನು ಒಂದು ಕೋಟಲ್ಲಿ ಹೇಳ್ದೆ" ಎಂದರು.

ಗ್ರೇವೆಟಮ್ಮ ಒಬ್ಬಳೇ ನಗಲಿಲ್ಲ. "ಇಲ್ಲಿ ಕೇಳೋಕಾಗಲಿಲ್ಲ" ಎಂದಳು. "ಮನೇಲಿ ಕೇಳ್ತಾರೆ. ಅಲ್ಲಿ ಕೇಳೋಕೆ ಅವರಿಗೆ ಯಾವ ಹೆಸರೂ ಬೇಕಾಗಿಲ್ಲ."

ಅವಳು ಹೇಳಿದ ಹಾಗೆಯೇ ಆಯಿತು. ಮಧ್ಯಾಹ್ನದ ಹೊತ್ತಿಗೆ ಸೈಲಸ್ ಚೀಟಿ ಕಳಿಸಿದ. ಶನಿವಾರ ಅವನನ್ನು ಹೊರಗೆ ಹಾಕುತ್ತಾರೆ, ನಡತೆಯ ಪತ್ರ ಕೊಡುವುದಿಲ್ಲ. ಆ ಪತ್ರವಿಲ್ಲದ ಸೇವಕನನ್ನು ಲಂಡನ್ನಿನ ಯಾವ ಮನೆಯೂ ಹೊಸಿಲು ದಾಟಿಸುವುದಿಲ್ಲ. ಮೂವತ್ತಾರು ವಯಸ್ಸಿಗೆ, ಬೇರೆ ಕಸುಬು ತಿಳಿಯದವನು, ಹಡಗಿನ ಕೂಲಿಗೋ ಭಿಕ್ಷೆಗೋ ಹೋಗಬೇಕು. ಚೀಟಿಯ ಕೊನೆಯಲ್ಲಿ "ಅಕ್ಕ, ನೀನು ಮಾತು ಕೊಟ್ಟಿದ್ದೆ" ಎಂದು ಬರೆದಿದ್ದ.

ಗ್ರೇವೆಟಮ್ಮ ಚೀಟಿ ನನ್ನ ಕೈಗಿಟ್ಟಳು. "ಬಾ ನನ್ನ ಜೊತೆ. ಇದ್ದದ್ದು ಇದ್ದ ಹಾಗೆ ಹೇಳು. ಹೊಲಿಯೋಕೆ ಅಂತ ಬಂದಿದ್ದ ಕೋಟನ್ನ ಕೇಳ್ದೆ ತಗೊಂಡೆ ಅಂತ. ಅಷ್ಟು ಹೇಳಿದ್ರೆ ನನ್ನ ತಮ್ಮ ಉಳೀತಾನೆ."

"ಅವ್ರು ನನ್ನ ಸುಮ್ನೆ ಬಿಡ್ತಾರಾ ಅಮ್ಮಾ?" ಎಂದೆ. "ನಾವು ನಾಟಕದವರು. ಅಲೆಮಾರಿ ಪುಂಡ ಅಂತ ಹಿಡಿದು ಬೆನ್ನ ಮೇಲೆ ಚಾಟೀಲಿ ಬಿಡ್ತಾರೆ. ಕದ್ದೆ ಅಂತ ಮೊಕದ್ದಮೆ ಹಾಕಿದ್ರೆ ನೇಣೇ."

"ಹಾಕ್ಕೊಂಡಾಗ ಅದೆಲ್ಲ ನೆನಪಾಗ್ಲಿಲ್ವಾ?"

ಹೆಂಡತಿ ಬಸುರಿ ಎಂದೆ. ಅದು ನಿಜವೇ, ಆದರೆ ಆ ಹೊತ್ತಿಗೆ ಅದನ್ನು ಅಡ್ಡ ತಂದದ್ದಕ್ಕೆ ನನಗೇ ನಾಚಿಕೆಯಾಯಿತು. ಆಕೆ ನನ್ನನ್ನು ಬಲವಂತ ಮಾಡಲಿಲ್ಲ. ಶುಕ್ರವಾರದವರೆಗೆ ಕಾದಳು. ನಾನು ಮನಸ್ಸು ಬದಲಿಸುತ್ತೇನೆಂದು ಕಾದಳೋ ಏನೋ. ಶುಕ್ರವಾರ ಬೆಳಿಗ್ಗೆ ತಲೆಗೆ ಬಿಳಿ ಟೋಪಿ ಕಟ್ಟಿಕೊಂಡು ಒಬ್ಬಳೇ ಹೊರಟಳು.

ನಾನು ಹಿಂದೆ ಹೋದೆ. ಯಾಕೆ ಹೋದೆನೋ ದೇವರೇ ಬಲ್ಲ. ಆ ಮನೆಯ ಅಡುಗೆಮನೆ ಬೀದಿಗಿಂತ ಕೆಳಗಿತ್ತು. ಕಬ್ಬಿಣದ ಕಟಕಟೆಯಿಂದ ಕೆಳಗೆ ಎಂಟು ಮೆಟ್ಟಿಲು, ಬಾಗಿಲು ಅರ್ಧ ತೆರೆದಿತ್ತು. ನಾನು ಮೇಲೆ ಕಟಕಟೆ ಹಿಡಿದು ನಿಂತೆ. ಎಲ್ಲ ಕೇಳಿಸಿತು.

"ಕೋಟು ಸೈಲಸ್ ಮಾರಿಲ್ಲ ಸ್ವಾಮಿ" ಎಂದಳು ಗ್ರೇವೆಟಮ್ಮ. "ಅವನ ಪೆಟ್ಟಿಗೇಲಿತ್ತು. ಅವನನ್ನ ನೋಡೋಕೆ ಬಂದಾಗ ನಾನೇ ಎತ್ಕೊಂಡು ಹೋದೆ. ನಾನು ಅವನ ಅಕ್ಕ."

ಪಾರುಪತ್ಯಗಾರನ ದನಿ: "ಎತ್ಕೊಂಡು ಹೋದೆ ಅಂದ್ರೇನು? ಕದ್ದೆ ಅನ್ನು."

"ಕದ್ದೆ."

"ಕದ್ದವರನ್ನ ಏನು ಮಾಡ್ತಾರೆ ಗೊತ್ತಾ ನಿಂಗೆ?"

"ಗೊತ್ತು ಸ್ವಾಮಿ. ಮೊದಲು ನ್ಯಾಯಾಧೀಶರ ಮುಂದೆ ನಿಲ್ಲಿಸ್ತಾರೆ. ಕೋಟು ಯಾರದು, ಎಂಥದ್ದು, ಕೊನೆಗೆ ಅದು ಯಾರ ಮೈಮೇಲೆ ಕಾಣಿಸ್ತು, ಅವನು ಯಾವ ವೇಷ ಹಾಕಿದ್ದ ಅಂತ ಕೇಳ್ತಾರೆ. ಕೇಳಿದ್ದಕ್ಕೆಲ್ಲ ಬೈಬಲ್ ಮುಟ್ಟಿ ನಾನು ಹೇಳ್ಬೇಕಾಗುತ್ತೆ. ಬರೆದುಕೊಳ್ಳೋರು ಎಲ್ಲ ಬರ್ಕೋತಾರೆ."

ಫೆನ್ವಿಕ್ ಅವರ ಐದು ಅಂಕಗಳ ಜಾಣತನವೆಲ್ಲ ಆ ಒಂದು ಉತ್ತರದಲ್ಲಿತ್ತು, ಮತ್ತು ಅದಕ್ಕಾಗಿ ಆಕೆ ಪಣಕ್ಕಿಟ್ಟದ್ದು ತನ್ನ ಕುತ್ತಿಗೆಯನ್ನು. ನಾನು ಕಟಕಟೆ ಹಿಡಿದ ಕೈ ಬಿಡಲಿಲ್ಲ. ಎಂಟೇ ಮೆಟ್ಟಿಲು. ಇಳಿದು ಹೋಗಿ "ಅವಳಲ್ಲ, ನಾನು" ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು? ನಿಂತೇ ಇದ್ದೆ.

ಕೊನೆಗೆ ಪಾರುಪತ್ಯಗಾರ ಕಾಗದ ತರಿಸಿದ. "ಕದ್ದದ್ದು ನಾನೇ, ನನ್ನ ತಮ್ಮನಿಗೆ ಗೊತ್ತಿರಲಿಲ್ಲ ಅಂತ ಬರೀತೀನಿ. ರುಜು ಹಾಕು. ನ್ಯಾಯಾಲಯ ಬೇಡ. ಆದ್ರೆ ಇನ್ನು ಮೇಲೆ ಈ ಊರಲ್ಲಿ ಯಾವ ಮನೆಯ ಸೇವಕನೂ ನಿನಗೆ ಒಂದು ಚಿಂದೀನೂ ಕೊಡದ ಹಾಗೆ ನಾನು ನೋಡ್ಕೋತೀನಿ."

ರುಜು ಹಾಕಿದಳು. ಆಮೇಲೆ ಅವನು ಸೈಲಸನನ್ನು ಕರೆಸಿದ.

"ಈ ಕಳ್ಳಿ ನಿನ್ನ ಅಕ್ಕನೇನೋ?"

ಸೈಲಸನ ದನಿ ಕೇಳಿಸಿತು. "ಆಗಿದ್ದಳು ಸ್ವಾಮಿ. ಇನ್ನು ಅಲ್ಲ."

ಆಕೆ ಮೆಟ್ಟಿಲು ಹತ್ತಿ ಬಂದಳು. ನನ್ನನ್ನು ಕಂಡರೂ ಆಶ್ಚರ್ಯ ಪಡಲಿಲ್ಲ. ಬೀದಿಯ ಕೊನೆಯವರೆಗೂ ನಡೆದು, "ಎಲ್ಲಿ ಸೈಲಸ್ ನಿಜ ಹೇಳಿಬಿಡ್ತಾನೋ ಅಂತ ಜೀವ ಬಾಯಿಗೆ ಬಂದಿತ್ತು" ಎಂದಳು. "ಅಷ್ಟು ಬುದ್ಧಿ ಇದೆ ಅವನಿಗೆ. ಬದುಕ್ಕೋತಾನೆ." ಹೇಳುತ್ತ ಹೇಳುತ್ತಲೇ ಒಂದು ಮನೆಯ ಗೋಡೆಗೆ ಒರಗಿ, ಶಾಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನಾನು ಪಕ್ಕದಲ್ಲಿ ನಿಂತು ಹೋಗುವ ಬರುವ ಗಾಡಿ ನೋಡುತ್ತಿದ್ದೆ.

ಜೂನ್ ಬರುವ ಹೊತ್ತಿಗೆ ಸರ್ಕಾರ ಹೊಸ ಕಾನೂನು ಮಾಡಿತು. ಯಾವ ನಾಟಕವೇ ಆಗಲಿ, ಆಡುವ ಮೊದಲು ಓದಿಸಿ ಪರವಾನಗಿ ಪಡೆಯಬೇಕು, ಎರಡು ದೊಡ್ಡ ನಾಟಕಶಾಲೆಗಳನ್ನು ಬಿಟ್ಟು ಉಳಿದವು ಬಾಗಿಲು ಹಾಕಬೇಕು. ನಮ್ಮ ಬಾಗಿಲೂ ಬಿತ್ತು. ಫೆನ್ವಿಕ್ ಕಾಫಿ ಅಂಗಡಿಗಳಲ್ಲಿ ಕೂತು ಸರ್ಕಾರವನ್ನು ಬಯ್ಯುತ್ತ ಒಂದು ವರ್ಷ ಕಳೆದು, ಹೆಂಡತಿಯ ಊರಿಗೆ ಹೋಗಿ ಹೊಲ ನೋಡಿಕೊಂಡರು. ಕಂಪನಿಯ ಹದಿನೆಂಟು ಜನರಲ್ಲಿ ದೊಡ್ಡ ನಾಟಕಶಾಲೆಗೆ ಸೇರಿಕೊಂಡವನು ನಾನೊಬ್ಬನೇ. ನಾನು ಅಷ್ಟು ದೊಡ್ಡ ನಟನೆಂದಲ್ಲ. ತೆನೆ ಕೋಟಿನ ಕ್ರೇಕ್ ಎಂದು ಊರೆಲ್ಲ ನನ್ನ ಹೆಸರು ಹೇಳುತ್ತಿತ್ತು, ಜನ ನನ್ನ ಮುಖ ನೋಡಲು ಬರುತ್ತಿದ್ದರು.

ಮರುವರ್ಷ ಅಲ್ಲಿಯ ಬಟ್ಟೆ ನೋಡಿಕೊಳ್ಳುವವಳು ತೀರಿಕೊಂಡಳು. ಅಲ್ಲಿಯ ಯಜಮಾನರು ನನ್ನನ್ನು ಕರೆದು ಕೇಳಿದರು: "ಆ ಗ್ರೇವೆಟ್ ಅನ್ನೋಳು ಕೆಲಸ ಕೇಳ್ಕೊಂಡು ಬಂದಿದ್ಲು ಕಣಯ್ಯ. ಕೈ ಒಳ್ಳೇದು ಅಂತಾರೆ. ಕಳ್ಳಿ ಅಂತಾನೂ ಅಂತಾರೆ. ಬಟ್ಟೆ ಕೋಣೆ ಬೀಗದ ಕೈ ಕೊಡೋ ಕೆಲಸ. ನೀನು ಜೊತೇಲಿದ್ದವನು. ಹೌದಾ?"

ನಿಜ ಹೇಳಿಬಿಡೋಣವೆನ್ನಿಸಿತು. ಕದ್ದವನು ನಾನು ಎಂದರೆ, ಹಾಗಾದರೆ ನೀನೂ ನಡಿ ಅನ್ನುತ್ತಾರೆ. ಪರವಾನಗಿ ಕೊಡುವವರ ಕಣ್ಣಿಗೆ ಬೀಳಲು ಯಾವ ಯಜಮಾನನಿಗೂ ಆಗ ಇಷ್ಟವಿರಲಿಲ್ಲ. ಮಗಳಿಗೆ ಎಂಟು ತಿಂಗಳು. ನನ್ನ ಹೆಸರು ಮೊದಲ ಸಲ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಅಂಟಿತ್ತು.

"ಹಾಗಂತ ಕೇಳಿದ್ದೀನಿ ಸ್ವಾಮಿ" ಎಂದೆ.

ಬೇರೆ ಯಾರನ್ನೋ ತೆಗೆದುಕೊಂಡರು.

ಗ್ರೇವೆಟಮ್ಮ ಮಾನ್ಮತ್ ಬೀದಿಯಲ್ಲಿ, ಹಳೇ ಬಟ್ಟೆ ಮಾರುವವನ ನೆಲಮಾಳಿಗೆಯಲ್ಲಿ ತೇಪೆ ಹಾಕುತ್ತ ಕೂತಳು. ಬೆಳಕು ಬರುವುದು ರಸ್ತೆಯ ಮಟ್ಟದ ಒಂದು ಜಾಲರಿಯಿಂದ, ಕಾಣುವುದು ಹೋಗುವವರ ಕಾಲು. ಏಳು ವರ್ಷ ನಾನು ಆ ಬೀದಿಗೆ ಕಾಲಿಡಲಿಲ್ಲ. ಬಳಿಕ ಒಂದು ಮಧ್ಯಾಹ್ನ ಹೋದೆ. ಮಗಳಿಗೆ ಜ್ವರ ಬಂದು ಹೋಗಿತ್ತು, ಆ ಭಯದಲ್ಲಿ ಒಂದು ಹರಕೆಯಂಥದ್ದನ್ನು ಹೊತ್ತಿದ್ದೆ.

ಆಕೆಗೆ ಕಣ್ಣು ಮಂದವಾಗಿತ್ತು. ಸೂಜಿಗೆ ದಾರ ಪೋಣಿಸಲು ಮೂರು ಸಲ ಪ್ರಯತ್ನಿಸಿದಳು. ಯಾರೆಂದು ಗೊತ್ತಾದ ಮೇಲೂ ಕೂರು ಎನ್ನಲಿಲ್ಲ. ನಾನು ನಿಂತುಕೊಂಡೇ, "ಸೈಲಸ್ ಬಂದಿದ್ನಾ?" ಎಂದು ಕೇಳಿದೆ.

"ಯಾಕೆ ಬರ್ತಾನೆ? ಬರಬಾರದು. ಈಗ ಆ ಮನೆ ಸೇವಕರಿಗೆಲ್ಲ ಅವನೇ ಮುಖ್ಯಸ್ಥನಂತೆ. ಒಂದ್ಸಲ ಗಾಡಿ ಹಿಂದೆ ನಿಂತು ಹೋಗೋದನ್ನ ನೋಡ್ದೆ. ಮೈ ಬಂದಿದೆ."

ಆಮೇಲೆ ನಾನು ಹೇಳಿದೆ. ಯಜಮಾನರು ಕೇಳಿದ್ದು, ನಾನು ಕೊಟ್ಟ ಉತ್ತರ, ಒಂದಕ್ಷರ ಬಿಡದೆ. ಕಾಲಿನ ಹತ್ತಿರ ರಾಶಿ ಬಿದ್ದ ಚಿಂದಿಯನ್ನು ನೋಡಿಕೊಂಡು ಹೇಳಿದೆ. ಉಗಿಯಲಿ, ಕತ್ತರಿ ಎಸೆಯಲಿ ಎಂದು ಕಾದೆ.

ಆಕೆಯ ಸೂಜಿ ನಿಂತಿತು. "ಹಾಗಂದ್ಯಾ? ನೀನು?"

"ಹೂಂ."

"ನೀನು ನಿಜ ಹೇಳಿದ್ದಿದ್ರೆ ಆ ಮಾತು ಮರುದಿನಾನೇ ಆ ಮನೆ ಮುಟ್ಟೋದು" ಎಂದಳು ನಿಧಾನವಾಗಿ. "ಕಾಗದ ಸುಳ್ಳು ಅಂತ ಆಗೋದು, ಸೈಲಸ್ ಬೀದಿಗೆ ಬೀಳೋನು. ನಾನು ಕೆಲಸ ಕೇಳೋಕೆ ಹೋದಾಗ ಅದನ್ನ ಯೋಚನೆ ಮಾಡ್ಲೇ ಇಲ್ಲ ನೋಡು, ಹೊಟ್ಟೆಪಾಡು. ನೀನು ಮಾಡಿದೆ. ಅವನಿಗೋಸ್ಕರ ನಾಲಿಗೆ ಕಚ್ಚಿ ಹಿಡ್ಕೊಂಡ್ಯಲ್ಲಪ್ಪಾ. ನಿನ್ನ ವಿಷಯದಲ್ಲಿ ನಾನು ತಪ್ಪು ತಿಳ್ಕೊಂಡಿದ್ದೆ ಕಣಯ್ಯ ಕ್ರೇಕ್."

ಆ ದಿನ ಸೈಲಸನ ನೆನಪು ನನಗೆ ಬಂದೇ ಇರಲಿಲ್ಲ. ಗೋಡೆಯ ಮೇಲಿನ ದೊಡ್ಡ ಅಕ್ಷರ ಬಿಟ್ಟು ಬೇರೇನೂ ನೆನಪಾಗಿರಲಿಲ್ಲ. ಹೇಳಬೇಕಾದದ್ದು ಅದೊಂದೇ ಆಗಿತ್ತು. ಆಕೆ ಮಂದಗಣ್ಣಿನಿಂದ ನನ್ನನ್ನೇ ನೋಡುತ್ತಿದ್ದಳು, ಮುಖದಲ್ಲಿ ಒಂಥರಾ ಸಮಾಧಾನವಿತ್ತು. ನಾನು ಹೌದೆಂದು ತಲೆಯಾಡಿಸಿದೆ.

ಆಕೆ ಎದ್ದು, ಪಕ್ಕದ ಪೆಟ್ಟಿಗೆಯ ಮೇಲಿದ್ದ ಬಟ್ಟೆಗಳನ್ನು ನೆಲಕ್ಕೆ ಸರಿಸಿ, "ನಿಂತೇ ಇದೀಯಲ್ಲ, ಕೂತ್ಕೋ" ಎಂದಳು.

ನಾನು ಕೂತೆ.